ಜೇನು ಪೆಟ್ಟಿಗೆ ನೋಡಿ ಪಳಗಿದವರು ರಾಣಿ ನೊಣ ಬೆಳೆಸೋ ಕೆಲಸಕ್ಕೆ ಇಳಿಯೋದು ಹೇಗೆ

ನಮ್ಮ ಕೊಡಗಲ್ಲಿ ಹತ್ತು ಹದಿನೈದು ವರ್ಷದಿಂದ ತುಡುವೆ, ಅಂದ್ರೆ ನಮ್ಮ ನಾಡಿನ ಜೇನುನೊಣದ ಪೆಟ್ಟಿಗೆ ಇಟ್ಕೊಂಡು ಕೈ ಪಳಗಿದವರು ತುಂಬ ಜನ ಇದ್ದಾರೆ, ಆದ್ರೆ ಎಲ್ರೂ ದುಡ್ಡು ಲೆಕ್ಕ ಹಾಕೋದು ಜೇನುತುಪ್ಪದಲ್ಲಿ ಮಾತ್ರ. ಮಳೆ ಹೆಚ್ಚುಕಮ್ಮಿ ಆದ್ರೆ ಆ ವರ್ಷದ ತುಪ್ಪ ಹೋಯ್ತು. ಜನ ವರ್ಷಪೂರ್ತಿ ಕೇಳೋದು ಬೇರೆ ಎರಡು ವಿಷಯ, ಒಂದು ಒಳ್ಳೆ ಕುಟುಂಬ, ಅಂದ್ರೆ ರಾಣಿ ಸಮೇತ ಒಂದು ಗೂಡಿನ ನೊಣ, ಸಿಗುತ್ತಾ ಅಂತ, ಇನ್ನೊಂದು ನಮ್ಮ ಪೆಟ್ಟಿಗೆ ಯಾಕೋ ಸಪ್ಪಗಾಗಿದೆ ಸ್ವಲ್ಪ ಬಂದು ನೋಡ್ತೀರಾ ಅಂತ. ಒಳ್ಳೆ ರಾಣಿ ಬೆಳೆಸಿ ಕುಟುಂಬ ಕೊಡೋದು, ರೋಗ ನೋಡೋದು, ಈ ಎರಡೂ ಬಂದ್ರೆ ಅದೇ ಒಂದು ಪೂರ್ತಿ ಕೆಲಸ.

ಮೊದಲು ಬೇಕಾಗಿರೋದು ಒಂದು ನೋಟ್‌ಬುಕ್ಕು. ಪ್ರತಿ ಪೆಟ್ಟಿಗೆಗೂ ನಂಬರ್ ಹಾಕಿ, ಕಕ್ಕಡದ (ಆಟಿ ತಿಂಗಳ) ಮಳೆ ತಡ್ಕೊಂಡು ಯಾವುದು ಉಳೀತು, ಯಾವುದು ಗೂಡು ಬಿಟ್ಟು ಹೋಯ್ತು, ಯಾವುದು ಸುಮ್‌ಸುಮ್ನೆ ಒಡೆದು ಎರಡು ಗುಂಪಾಗಿ ಪಾಲಾಗ್ತಾನೇ ಇರುತ್ತೆ, ಯಾವುದರಲ್ಲಿ ಮರಿ ಸತ್ತಿತ್ತು, ಎಲ್ಲ ಬರೀರಿ. ಕಮ್ಮಿ ಅಂದ್ರೂ ಎರಡು ವರ್ಷ ಬರೆದ ಮೇಲೆನೇ ತಾಯಿ ಕುಟುಂಬ, ಅಂದ್ರೆ ಯಾವುದರ ಮರಿಯಿಂದ ರಾಣಿ ತೆಗೀಬೇಕೋ ಆ ಕುಟುಂಬ ಆರಿಸಿ. ಇದನ್ನ ಯಾಕಿಷ್ಟು ಒತ್ತಿ ಹೇಳ್ತಿದೀನಿ ಅಂದ್ರೆ 1991-92ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ಅನ್ನೋ ವೈರಸ್ ದಕ್ಷಿಣ ಭಾರತಕ್ಕೆ ಬಂದು ತುಡುವೆ ಕುಟುಂಬಗಳನ್ನ ಗುಡಿಸಿ ಹಾಕ್ತು, ನಮ್ಮಪ್ಪನ ಪೆಟ್ಟಿಗೆಗಳೂ ಸಾಲಾಗಿ ಖಾಲಿ ನಿಂತಿದ್ವು. ಆಮೇಲೆ ತೋಟಗಳು ಮತ್ತೆ ತುಂಬಿದ್ದು ಅಲ್ಲಿಲ್ಲಿ ಮರದ ಪೊಟರೆಯಲ್ಲಿ ಬದುಕುಳಿದ ಸಂಸಾರಗಳಿಂದ. ಆ ಗಟ್ಟಿತನ ನಮ್ಮ ಊರಿನ ನೊಣದಲ್ಲೇ ಇದೆ, ಹಾಗಾಗಿ ದೂರದಿಂದ ತಂದ ತಳಿಗಿಂತ ನಿಮ್ಮ ತೋಟದಲ್ಲೇ ನಾಲ್ಕು ಮಳೆಗಾಲ ನಿಂತ ಕುಟುಂಬಕ್ಕೆ ನಾನು ಬೆಲೆ ಕೊಡ್ತೀನಿ. ಆದ್ರೆ ಒಂದೇ ತಾಯಿಯಿಂದ ಎಲ್ಲ ರಾಣಿ ತೆಗೀಬೇಡಿ, ರಕ್ತ ಹತ್ತಿರ ಆಗ್ತಾ ಹೋದ್ರೆ ಮರಿ ಇರೋ ಎರಿ, ಅಂದ್ರೆ ಮೇಣದ ತಟ್ಟೆ, ಅಲ್ಲಲ್ಲಿ ತೂತು ಬಿದ್ದ ಹಾಗೆ ಕಾಣುತ್ತೆ, ಆರೇಳು ತಾಯಿ ಆದ್ರೂ ಇಟ್ಕೊಳ್ಳಿ.

ರಾಣಿ ಬೆಳೆಸೋ ಹೊತ್ತು ಯಾವಾಗ ಅಂದ್ರೆ ಕ್ಯಾಲೆಂಡರ್ ನೋಡ್ಬೇಡಿ, ಗಂಡು ನೊಣ ನೋಡಿ. ಅಕ್ಟೋಬರ್ ಮಧ್ಯದ ಕಾವೇರಿ ಸಂಕ್ರಮಣ ಕಳೆದು ಮಳೆ ಬಿಟ್ಟ ಮೇಲೆ ಕುಟುಂಬ ಬೆಳೆಯೋಕೆ ಶುರುವಾಗುತ್ತೆ, ಎರಿಯ ಅಂಚಲ್ಲಿ ಮುಚ್ಚಿದ ಗಂಡು ಕೋಣೆ ಕಂಡಾಗ ಕೆಲಸ ಶುರು ಮಾಡಿ, ತುಡುವೆಯಲ್ಲಿ ಆ ಮುಚ್ಚಳದ ಮಧ್ಯೆ ಸಣ್ಣ ತೂತು ಇರುತ್ತೆ, ಗುರುತು ಹಿಡಿಯೋದು ಸುಲಭ. ಗಂಡು ನೊಣ ಹೊರಗೆ ಬರೋಕೆ ಸುಮಾರು 24 ದಿನ ಬೇಕು, ಆಮೇಲೆ ಬಲಿಯೋಕೂ ಹತ್ತು ಹನ್ನೆರಡು ದಿನ. ರಾಣಿ ಮೊಟ್ಟೆಯಿಂದ 15-16 ದಿನಕ್ಕೇ ಬಂದ್ಬಿಡುತ್ತೆ, ಅವಸರ ಪಟ್ರೆ ಕೂಡೋಕೆ ಗಂಡೇ ಇರಲ್ಲ.

ರಾಣಿ ಬೆಳೆಸೋಕೆ ಮರಿ ಹುಳನ ಬಟ್ಟಲಿಗೆ ಎತ್ತಿ ಹಾಕೋದನ್ನ ಗ್ರಾಫ್ಟಿಂಗ್ ಅಂತಾರೆ. ಒಂದು ದಿನ ಕೂಡ ತುಂಬದ ಹುಳ ಬೇಕು, ಕಣ್ಣಿಗೆ ಬಿದ್ದೂ ಬೀಳದ ಹಾಗಿರುತ್ತೆ, ಬೆನ್ನಿನ ಕಡೆಯಿಂದ ಸೂಜಿ ಹಾಕಿ ಅದರ ಸುತ್ತ ಇರೋ ಹಾಲಿನಂಥ ಆಹಾರದ ಸಮೇತ ಎತ್ತಿ ಮೇಣದ ಬಟ್ಟಲಿಗೆ ಇಳಿಸ್ಬೇಕು, ಹುಳ ಮಗುಚಿದ್ರೆ ಅದನ್ನ ಬಿಟ್ಟು ಬೇರೆ ತಗೊಳ್ಳಿ. ಮೆಲ್ಲಿಫೆರಾ ಅನ್ನೋ ದೊಡ್ಡ ವಿದೇಶಿ ಜೇನಿಗೆ ಮಾಡಿರೋ ಪ್ಲಾಸ್ಟಿಕ್ ಬಟ್ಟಲು ತುಡುವೆಗೆ ದೊಡ್ಡದಾಗುತ್ತೆ, ಬಟ್ಟಲು ನೀವೇ ಮಾಡ್ಕೊಳ್ಳಿ. ಇದನ್ನ ರಾಣಿ ತೆಗೆದ, ಎಳೇ ನೊಣ ತುಂಬಿ ತುಳುಕೋ ಪೆಟ್ಟಿಗೆಗೆ ಕೊಡಿ, ಸಕ್ಕರೆ ಪಾಕ ತಪ್ಪಿಸ್ಬೇಡಿ. ತುಡುವೆ ಎಲ್ಲ ಬಟ್ಟಲನ್ನೂ ಒಪ್ಪಲ್ಲ, ಮೊದಲ ಸಲ ಹತ್ತರಲ್ಲಿ ಎರಡು ಮೂರು ನಿಂತ್ರೆ ಬೇಜಾರು ಮಾಡ್ಕೋಬೇಡಿ, ಕೈ ಕೂರುತ್ತೆ. ಗ್ರಾಫ್ಟ್ ಮಾಡಿದ ಹತ್ತನೇ ದಿನ ರಾಣಿ ಕೋಶಗಳನ್ನ ಅಲುಗಿಸದೆ ಒಂದೊಂದು ಚಿಕ್ಕ ಪೆಟ್ಟಿಗೆಗೆ ಹಂಚಿಬಿಡಿ, ಒಂದು ದಿನ ತಡ ಆದ್ರೂ ಮೊದಲು ಹುಟ್ಟಿದವಳು ಉಳಿದವರನ್ನ ಕೊಂದು ಹಾಕ್ತಾಳೆ. ಕೂಡಿ ಬಂದು ಮೊಟ್ಟೆ ಇಟ್ಟಳು ಅಂತ ತಕ್ಷಣ ಮಾರೋದೂ ಬೇಡ, ಮುಚ್ಚಿದ ಮರಿ ಒಂದೇ ಸಮ ಹಾಸಿರೋದನ್ನ ಕಣ್ಣಾರೆ ನೋಡಿದ ಮೇಲೆನೇ ಕೊಡಿ.

ಇನ್ನು ರೋಗ. ನಾನೇ ಒಂದ್ಸಲ ಬೇರೆ ಕಡೆಯಿಂದ ಕುಟುಂಬ ತಂದು ನೇರ ತೋಟದೊಳಗೆ ಇಟ್ಟು ಹನ್ನೊಂದು ಪೆಟ್ಟಿಗೆ ಕಳ್ಕೊಂಡಿದೀನಿ. ಹೊಸದು ಏನೇ ಬಂದ್ರೂ ಒಂದು ತಿಂಗಳು ದೂರದಲ್ಲಿಡಿ. ಸ್ಯಾಕ್‌ಬ್ರೂಡ್ ಆಗಿದ್ರೆ ಬೆಳೆದ ಹುಳ ನೆಟ್ಟಗೆ ಮಲಗಿ ತಲೆ ಮೇಲೆತ್ತಿರುತ್ತೆ, ಚಿಮಟದಲ್ಲಿ ಎತ್ತಿದ್ರೆ ನೀರು ತುಂಬಿದ ಚೀಲದ ಹಾಗೆ ಬರುತ್ತೆ. ಯುರೋಪಿಯನ್ ಫೌಲ್‌ಬ್ರೂಡಲ್ಲಿ ಇನ್ನೂ ಎಳೇ ಹುಳ ಹಳದಿಯಾಗಿ ಸೊಟ್ಟಗೆ ಬಿದ್ದಿರುತ್ತೆ, ಹುಳಿ ವಾಸನೆ. ಮೊದಲನೆಯದು ವೈರಸ್ಸು, ಎರಡನೆಯದು ಬ್ಯಾಕ್ಟೀರಿಯಾ, ಈ ವ್ಯತ್ಯಾಸ ಗೊತ್ತಿಲ್ದೆ ಜನ ಎಲ್ಲದಕ್ಕೂ ಆಂಟಿಬಯೋಟಿಕ್ ಪಾಕಕ್ಕೆ ಬೆರೆಸಿ ಕೊಡ್ತಾರೆ, ವೈರಸ್ಸಿಗೆ ಅದು ಏನೂ ಮಾಡಲ್ಲ, ತುಪ್ಪದಲ್ಲಿ ಮಾತ್ರ ಉಳ್ಕೊಳ್ಳುತ್ತೆ. ದಯವಿಟ್ಟು ಯಾರಿಗೂ ಅದನ್ನ ಹೇಳ್ಕೊಡ್ಬೇಡಿ. ಸ್ಯಾಕ್‌ಬ್ರೂಡಿಗೆ ಮದ್ದಿಲ್ಲ, ರೋಗದ ಎರಿ ತೆಗೆದು ಸುಟ್ಟು, ರಾಣಿನ ಸ್ವಲ್ಪ ದಿನ ಪಂಜರದಲ್ಲಿಟ್ಟು ಮರಿ ನಿಲ್ಲಿಸಿ, ಆಮೇಲೆ ರೋಗ ತಡೆದ ತಾಯಿಯ ಮಗಳನ್ನ ಕೊಡೋದೇ ದಾರಿ. ನಿಮ್ಮ ರಾಣಿ ಬೆಳೆಸೋ ಕೆಲಸಕ್ಕೂ ರೋಗ ನೋಡೋ ಕೆಲಸಕ್ಕೂ ಗಂಟು ಬೀಳೋದು ಇಲ್ಲೇ. ಒಂದು ತೋಟ ನೋಡಿ ಇನ್ನೊಂದಕ್ಕೆ ಹೋಗೋ ಮುಂಚೆ ಉಳಿ, ಚಾಕು ಬೆಂಕಿಗೆ ಹಿಡೀರಿ, ಕೈ ಸೋಪಲ್ಲಿ ತೊಳೀರಿ, ಇಲ್ದಿದ್ರೆ ರೋಗ ಹಂಚೋರು ನೀವೇ ಆಗ್ತೀರ.

ಕಲಿಯೋಕೆ ಭಾಗಮಂಡಲದ ಜೇನು ಕೃಷಿ ಕೇಂದ್ರ, ಗೋಣಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರ, ಪೊನ್ನಂಪೇಟೆ ಅರಣ್ಯ ಕಾಲೇಜು ಹತ್ತಿರದಲ್ಲೇ ಇವೆ, ಇನ್ನೂ ಆಳಕ್ಕೆ ಹೋಗ್ಬೇಕಂದ್ರೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ (ಜಿಕೆವಿಕೆ), ಪುಣೆಯ ಕೇಂದ್ರೀಯ ಜೇನು ಸಂಶೋಧನೆ ಮತ್ತು ತರಬೇತಿ ಸಂಸ್ಥೆ. ಜೇನು ಸಾಕೋರ ನೋಂದಣಿಗೆ ಕೇಂದ್ರ ಸರ್ಕಾರ ಮಾಡಿರೋ ಮಧುಕ್ರಾಂತಿ ಪೋರ್ಟಲಲ್ಲಿ ಹೆಸರು ನೋಂದಾಯಿಸಿ.

ಸಂಪಾದನೆಗೆ ಮೊದಲ ಗಿರಾಕಿ ಕಾಫಿ ತೋಟದವರು. ರೊಬಸ್ಟಾ ಕಾಫಿಗೆ ಬೇರೆ ಗಿಡದ ಪರಾಗ ಬೇಕೇ ಬೇಕು, ಹೂಮಳೆ, ಅಂದ್ರೆ ಹೂ ಅರಳಿಸೋ ಮಳೆ, ಬಿದ್ದು ಎಂಟು ಹತ್ತು ದಿನಕ್ಕೆ ಅರಳಿದ ಹೂ ಎರಡು ಮೂರು ದಿನದಲ್ಲಿ ಬಾಡಿಹೋಗುತ್ತೆ, ಅಷ್ಟರೊಳಗೆ ನೊಣ ತುಂಬಿದ ಪೆಟ್ಟಿಗೆ ಅಲ್ಲಿರ್ಬೇಕು. ಹಾಗಾಗಿ ಬರೀ ಕುಟುಂಬ ಮಾರೋದಕ್ಕಿಂತ ವರ್ಷಕ್ಕೆ ಇಷ್ಟು ಸಲ ಬಂದು ನೋಡ್ತೀನಿ, ರಾಣಿ ಹೋದ್ರೆ ಬದಲಿಸ್ತೀನಿ ಅಂತ ಮಾತಾಡ್ಕೊಂಡು ಒಂದು ಹಾಳೆಯಲ್ಲಿ ಬರೆದು ಸೈನ್ ಮಾಡಿಸ್ಕೊಳ್ಳಿ. ಕುಟುಂಬ ಸಾಗಿಸೋದು ಕತ್ತಲಾದ ಮೇಲೆ, ಬಾಗಿಲಿಗೆ ಜಾಲರಿ ಕಟ್ಟಿ, ಜೀಪಲ್ಲಿ ಎರಿಗಳು ಗಾಡಿ ಹೋಗೋ ದಿಕ್ಕಿಗೇ ಉದ್ದುದ್ದ ಇರೋ ಹಾಗೆ ಇಡಿ, ನಮ್ಮ ತಿರುವು ರಸ್ತೆಯಲ್ಲಿ ಹೊಸ ಎರಿ ಮುರಿದು ರಾಣಿ ಸತ್ರೆ ಇಷ್ಟು ದಿನ ಪಟ್ಟ ಕಷ್ಟ ಎಲ್ಲ ಅಲ್ಲಿಗೇ ಹೋಗುತ್ತೆ. ಮೂರು ವಾರ ಆದ ಮೇಲೆ ನೀವೇ ಫೋನ್ ಮಾಡಿ ಮರಿ ಹೇಗಿದೆ ಕೇಳಿ, ಒಂದು ಎರಿಯ ಫೋಟೋ ತರಿಸ್ಕೊಳ್ಳಿ, ಅದನ್ನೂ ನೋಟ್‌ಬುಕ್ಕಲ್ಲಿ ಆ ರಾಣಿಯ ನಂಬರ್ ಪಕ್ಕ ಬರೆದಿಡಿ.