ಹಳೆಯ ಮನೆಯ ಗೋಡೆಗೆ ಕೈ ಹಚ್ಚುವ ಮುನ್ನ

ಬಳ್ಳಾರಿ ಕೋಟೆಯ ಕೆಳಗಿನ ಓಣಿಯಲ್ಲಿ ನಾನು ಸೊಸೆಯಾಗಿ ಬಂದು ಸೇರಿದ ಮನೆಗೆ ಏನಿಲ್ಲವೆಂದರೂ ನೂರು ವರ್ಷ ದಾಟಿದೆ. ಮೊಳಕ್ಕಿಂತ ದಪ್ಪನಾದ ಕಲ್ಲು ಮಣ್ಣಿನ ಗೋಡೆಗಳು, ಪಡಸಾಲೆಯಲ್ಲಿ ನಾಲ್ಕು ಮರದ ಕಂಬಗಳು, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಮಣ್ಣಿನ ಮಾಳಿಗೆ (ಸಪಾಟಾದ ಛಾವಣಿ), ನಡುವೆ ಒಂದು ಬೆಳಕಿಂಡಿ. ಈ ಮನೆಯ ಸುಣ್ಣ ಬಣ್ಣ, ರಿಪೇರಿ, ಕೂಲಿಯವರ ಲೆಕ್ಕ ಎಲ್ಲವನ್ನೂ ನಲವತ್ತು ವರ್ಷಕ್ಕೂ ಮೇಲ್ಪಟ್ಟು ನಾನೇ ನೋಡಿಕೊಂಡು ಬಂದಿದ್ದೇನೆ. ಇತ್ತೀಚೆಗೆ ನಮ್ಮ ಬಂಧುಬಳಗದ ಮಕ್ಕಳು ಕೊಪ್ಪಳ, ಗಂಗಾವತಿ, ರಾಯಚೂರುಗಳಲ್ಲಿ ಹಿರಿಯರ ಹಳೆಯ ಮನೆಗಳನ್ನು ಕೆಡವದೆ ಹೊಸದು ಮಾಡಿಕೊಂಡು ಇರಬೇಕೆಂದು ಹೊರಟಿದ್ದಾರೆ. ಅದು ನನಗೆ ಬಹಳ ಸಂತೋಷದ ಸಂಗತಿ. ಅವರೆಲ್ಲರೂ ಕೇಳುವ ಮೊದಲ ಪ್ರಶ್ನೆ ಒಂದೇ: ಯಾವ ಕೆಲಸವನ್ನು ನಾವೇ ಮಾಡಿಕೊಳ್ಳಬಹುದು, ಯಾವುದಕ್ಕೆ ಕೆಲಸದವರನ್ನು ಕರೆಯಬೇಕು?

ಹೆಚ್ಚಿನವರು ಇದನ್ನು ದುಡ್ಡಿನಿಂದ ಅಳೆಯುತ್ತಾರೆ. ಕೂಲಿ ಉಳಿಯುವುದಾದರೆ ತಾವೇ ಮಾಡುವುದು, ಕೈಯಲ್ಲಿ ಹಣವಿದ್ದರೆ ಎಲ್ಲವನ್ನೂ ಗುತ್ತಿಗೆ ಕೊಟ್ಟುಬಿಡುವುದು. ನಾನು ನೋಡುವುದು ಬೇರೆ. ಕೆಲಸ ತಪ್ಪಿದರೆ ಆ ತಪ್ಪು ಕಣ್ಣಿಗೆ ಕಾಣುತ್ತದೆಯೇ, ತೊಳೆದೋ ಕೆರೆದೋ ಮತ್ತೊಮ್ಮೆ ಮಾಡಲು ಬರುತ್ತದೆಯೇ ಎಂದು ಕೇಳಿಕೊಳ್ಳುತ್ತೇನೆ. ಬರುವುದಾದರೆ ಅನುಭವವಿಲ್ಲದಿದ್ದರೂ ಸ್ವಂತ ಕೈಯಿಂದ ಮಾಡಿ ಕಲಿಯಬಹುದು. ತಪ್ಪು ಗೋಡೆಯ ಒಳಗೆ ಅಥವಾ ತಲೆಯ ಮೇಲೆ ಅಡಗಿ ಕುಳಿತು ವರ್ಷಗಳ ಮೇಲೆ ಹೊರಗೆ ಬರುವಂಥದ್ದಾದರೆ, ಎಷ್ಟೇ ಸಣ್ಣದಾಗಿ ತೋರಿದರೂ ಬಲ್ಲವರಿಗೇ ಒಪ್ಪಿಸಬೇಕು.

ಆದರೆ ಯಾರಿಗೂ ಗುತ್ತಿಗೆ ಕೊಡಲಾಗದ ಕೆಲಸ ಒಂದಿದೆ, ಮನೆಯನ್ನು ನೋಡುವುದು. ಗೌಂಡಿ ಬಂದು ಅರ್ಧ ಗಂಟೆ ನಿಂತು ಹೋಗುತ್ತಾನೆ. ಯಾವ ಮೂಲೆ ಯಾವ ತಿಂಗಳಲ್ಲಿ ತೇವವಾಗುತ್ತದೆ, ಯಾವ ಬಾಗಿಲು ಮಳೆಗಾಲದಲ್ಲಿ ಮಾತ್ರ ಬಿಗಿಯುತ್ತದೆ ಎಂಬುದು ಒಳಗೆ ಬಾಳುವವರಿಗೆ ಮಾತ್ರ ಗೊತ್ತಿರುತ್ತದೆ. ಮನೆ ಕೈಗೆ ಬಂದ ಕೂಡಲೇ ಬಣ್ಣದ ಅಂಗಡಿಗೆ ಓಡಬೇಡಿ. ಸಾಧ್ಯವಾದರೆ ಒಂದು ಬೇಸಿಗೆ, ಒಂದು ಮಳೆಗಾಲ ಕಾಯಿರಿ. ನಮ್ಮ ಜಿಲ್ಲೆಗಳಲ್ಲಿ ಎರೆ ಮಣ್ಣಿನ ಮೇಲೆ ಕಟ್ಟಿದ ಮನೆಗಳು ಬಹಳ. ಎರೆ ಮಣ್ಣು ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ಅದರೊಂದಿಗೆ ಗೋಡೆಯೂ ಅಲುಗುತ್ತದೆ, ಕಿಟಕಿಯ ಮೂಲೆಯಿಂದ ಓರೆಯಾಗಿ ಸೀಳು ಬಿಡುತ್ತದೆ. ಅಂಥ ಸೀಳಿನ ಎರಡೂ ತುದಿಗೆ ಪೆನ್ಸಿಲಿನಿಂದ ಅಡ್ಡಗೆರೆ ಎಳೆದು ಪಕ್ಕದಲ್ಲಿ ತಾರೀಖು ಬರೆಯಿರಿ. ಸೀಳಿನ ಮೇಲೆ ಅಡ್ಡಲಾಗಿ ತೆಳುವಾದ ಗಾಜಿನ ಚೂರೊಂದನ್ನು ಎರಡೂ ಬದಿಗೆ ಸಿಮೆಂಟಿನಿಂದ ಅಂಟಿಸಿ ಬಿಡಿ. ವರ್ಷ ಕಳೆದರೂ ಗಾಜು ಹಾಗೆಯೇ ಇದ್ದು ಗೆರೆಯೂ ದಾಟಿರದಿದ್ದರೆ ಆ ಸೀಳು ಹಳೆಯದು, ನೀವೇ ತುಂಬಿ ಬಣ್ಣ ಹಚ್ಚಬಹುದು. ಗಾಜು ಒಡೆದಿದ್ದರೆ ಗೋಡೆ ಇನ್ನೂ ಅಲುಗುತ್ತಿದೆ ಎಂದರ್ಥ. ಆಗ ಗೌಂಡಿಯೂ ಸಾಲದು, ಇಂಜಿನಿಯರೊಬ್ಬರನ್ನು ಕರೆದು ತೋರಿಸಬೇಕು.

ತೇವದ ವಿಷಯದಲ್ಲಿ ನಾನು ಅನುಭವಿಸಿದ್ದನ್ನೇ ಹೇಳುತ್ತೇನೆ. ನಮ್ಮ ಮುಂದಿನ ಕೋಣೆಯ ಗೋಡೆ ನೆಲದಿಂದ ಎರಡು ಮೂರು ಅಡಿಯವರೆಗೆ ಪುಡಿಪುಡಿಯಾಗಿ ಉದುರುತ್ತಿತ್ತು, ಬಿಳಿ ಉಪ್ಪು ಹೂವಿನಂತೆ ಎದ್ದು ಬರುತ್ತಿತ್ತು. ಮಗನ ಮದುವೆ ಹತ್ತಿರ ಬಂದಿತ್ತು. ಬಂದ ಗುತ್ತಿಗೆದಾರರು ಹಳೆಯ ಸುಣ್ಣದ ಗಾರೆಯನ್ನು ಕಿತ್ತು ಸಿಮೆಂಟಿನ ಗಿಲಾವು (ಪ್ಲಾಸ್ಟರ್) ಹಾಕಿ ಮೇಲೆ ಮಿಂಚುವ ಎಮಲ್ಷನ್ ಬಣ್ಣ ಬಳಿದುಕೊಟ್ಟರು. ಮದುವೆಯ ಮನೆ ಚೆಂದವಾಗಿ ಕಂಡಿತು. ಎರಡನೆಯ ಮಳೆಗಾಲಕ್ಕೆ ತೇವವು ಸಿಮೆಂಟನ್ನು ದಾಟಿ ಐದಡಿ ಎತ್ತರದಲ್ಲಿ ಕಾಣಿಸಿಕೊಂಡಿತು, ಬಣ್ಣ ಹಪ್ಪಳದಂತೆ ಉಬ್ಬಿತು, ಬೆರಳಿನಿಂದ ಬಡಿದರೆ ಟೊಳ್ಳು ಸಪ್ಪಳ. ಒಂದು ದಿನ ಬಾಗಿಲಗಲದ ಗಿಲಾವು ತನ್ನ ಹಿಂದಿನ ಮಣ್ಣನ್ನೂ ಎಳೆದುಕೊಂಡು ನೆಲಕ್ಕೆ ಬಿತ್ತು. ಆಗ ಕರೆಸಿದ ವಯಸ್ಸಾದ ಗೌಂಡಿಯೊಬ್ಬರು ಗೋಡೆಯ ಮಣ್ಣನ್ನು ಅಂಗೈಯಲ್ಲಿ ಹಿಸುಕಿ, ‘ಅಮ್ಮಾ, ಒಳಗಿಂದು ಮಣ್ಣು ಐತ್ರಿ, ಮ್ಯಾಲಿಂದು ಸಿಮೆಂಟ್ ಐತ್ರಿ, ನೀರು ಹೊರಗ ಬರಾಕ ದಾರೀನ ಇಲ್ಲ’ ಎಂದರು. ಅನಂತರ ಅವರು ಗೋಡೆಯನ್ನು ಬಿಟ್ಟು ಹೊರಗೆ ಹೋಗಿ ಬಚ್ಚಲ ನೀರು ಹರಿಯುವ ಕಾಲುವೆಯನ್ನು ನೋಡಿದರು. ಅದರ ಕಲ್ಲು ಸಂದು ಬಿಟ್ಟು ನೀರು ದಿನವೂ ಗೋಡೆಯ ಬುಡಕ್ಕೇ ಇಳಿಯುತ್ತಿತ್ತು. ಆ ಕಾಲುವೆಯ ಪಕ್ಕ ದಿನವೂ ನಡೆದಾಡುತ್ತಿದ್ದವಳು ನಾನು. ನೋಡಬೇಕಾದದ್ದನ್ನು ನಾನು ನೋಡಿದ್ದರೆ ಎರಡು ಸಲ ಖರ್ಚಾಗುತ್ತಿರಲಿಲ್ಲ.

ಆಮೇಲೆ ಕಾಲುವೆ ಸರಿಪಡಿಸಿ, ಸಿಮೆಂಟನ್ನು ಪೂರ್ತಿ ಕಿತ್ತು, ಗೋಡೆಯನ್ನು ಒಂದು ಬೇಸಿಗೆ ಬೆತ್ತಲೆಯಾಗಿ ಒಣಗಲು ಬಿಟ್ಟು, ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳು ಬೆರೆಸಿದ ಗಾರೆಯನ್ನು ಹಚ್ಚಿದೆವು. ಅದು ಇಂದಿಗೂ ನಿಂತಿದೆ. ತೇವ ಗೋಡೆಯಿಂದಲೇ ಬರುತ್ತಿದೆಯೇ, ಇಲ್ಲವೇ ಗಾಳಿಯ ತೇವ ತಣ್ಣನೆಯ ಗೋಡೆಗೆ ಕೂರುತ್ತಿದೆಯೇ ಎಂದು ತಿಳಿಯಲು ಒಂದಡಿ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪಿನಿಂದ ಗೋಡೆಗೆ ಅಂಟಿಸಿ ಎರಡು ದಿನ ಬಿಡಿ. ಹಾಳೆಯ ಒಳಮೈಯಲ್ಲಿ ಹನಿ ಕಟ್ಟಿದರೆ ನೀರು ಗೋಡೆಯಲ್ಲಿದೆ. ಹಾಗಿರುವಾಗ ಯಾವ ಕಂಪನಿಯ ಬಣ್ಣವನ್ನು ಯಾರ ಕೈಯಿಂದ ಹಚ್ಚಿಸಿದರೂ ನಿಲ್ಲುವುದಿಲ್ಲ.

ಗಾರೆಯ ಗಿಲಾವು ಕೈ ಪಳಗಿದವರ ಕೆಲಸ, ಅದನ್ನು ಅವರಿಗೇ ಬಿಡಿ. ಅದರ ಮೇಲೆ ಸುಣ್ಣ ಹಚ್ಚುವುದನ್ನು ಮಾತ್ರ ನೀವೇ ಮಾಡಿ ಎಂದು ಒತ್ತಿ ಹೇಳುತ್ತೇನೆ, ಏಕೆಂದರೆ ಮನೆಯ ಗೋಡೆಯ ಪರಿಚಯವಾಗಲು ಅದಕ್ಕಿಂತ ಒಳ್ಳೆಯ ದಾರಿಯಿಲ್ಲ. ಸುಟ್ಟ ಸುಣ್ಣದ ಹರಳು ತಂದರೆ ಕಬ್ಬಿಣದ ಡ್ರಮ್ಮಿನಲ್ಲಿ ಮೊದಲು ನೀರು ಹಾಕಿ, ಆ ನೀರಿಗೆ ಹರಳನ್ನು ಸ್ವಲ್ಪಸ್ವಲ್ಪವಾಗಿ ಬಿಡಿ. ಸುಣ್ಣದ ಮೇಲೆ ನೀರು ಸುರಿಯಬಾರದು, ಸಿಡಿಯುತ್ತದೆ. ಅರಳುವಾಗ ಅದು ಕುದಿಯುವಷ್ಟು ಬಿಸಿಯಾಗುವುದರಿಂದ ಪ್ಲಾಸ್ಟಿಕ್ ಬಕೆಟ್ ಬೇಡ, ಮಕ್ಕಳು ಹತ್ತಿರ ಇರಬಾರದು, ಕಣ್ಣಿಗೆ ಕನ್ನಡಕ ಇಲ್ಲದೆ ಬಗ್ಗಿ ನೋಡಬಾರದು. ಕೆಲವು ದಿನ ನೆನೆದ ಸುಣ್ಣವನ್ನು ಬಟ್ಟೆಯಲ್ಲಿ ಸೋಸಿ, ಕೈಗೆ ಪುಡಿ ಹತ್ತದಂತೆ ಸ್ವಲ್ಪ ಅಂಟು ಬೆರೆಸಿ, ಮಜ್ಜಿಗೆಯಷ್ಟು ತೆಳ್ಳಗೆ ಮಾಡಿಕೊಳ್ಳಿ. ಗೋಡೆಗೆ ಮೊದಲು ನೀರು ಚಿಮುಕಿಸಿ ಆಮೇಲೆ ಹಚ್ಚಬೇಕು. ಹಸಿಯಾಗಿರುವಾಗ ಏನೂ ಬಳಿದಂತೆ ಕಾಣುವುದಿಲ್ಲ, ಹಿಂದಿನ ಕಲೆಯೆಲ್ಲ ಎದ್ದು ತೋರುತ್ತದೆ, ಒಣಗಿದಂತೆ ಬೆಳ್ಳಗಾಗುತ್ತದೆ. ಇದನ್ನು ತಿಳಿಯದವರು ಸುಣ್ಣವನ್ನು ಗಟ್ಟಿ ಮಾಡಿ ಒಂದೇ ಸಲಕ್ಕೆ ಬಳಿಯುತ್ತಾರೆ, ಅದು ಹೆಕ್ಕಳೆಯಾಗಿ ಉದುರುತ್ತದೆ. ತೆಳ್ಳಗೆ ಮೂರು ಸಲ ಹಚ್ಚಿರಿ, ಒಂದು ಒಣಗಿದ ಮೇಲೆ ಇನ್ನೊಂದು. ಆದರೆ ಹಿಂದಿನವರು ಎಣ್ಣೆ ಬಣ್ಣವನ್ನೋ ಎಮಲ್ಷನ್ನನ್ನೋ ಹಚ್ಚಿದ್ದರೆ ಅದನ್ನು ಕೆರೆದು ತೆಗೆಯದೆ ಸುಣ್ಣ ಹಿಡಿಯುವುದಿಲ್ಲ. ಹನ್ನೆರಡು ಅಡಿ ಎತ್ತರದ ಗೋಡೆಗೆ ಗೋಡೆಗೊರಗಿಸಿದ ಹಳೆಯ ಬಿದಿರಿನ ಏಣಿಯನ್ನು ನಂಬಿ ಒಬ್ಬರೇ ಹತ್ತುವುದೂ ಬೇಡ. ಕೈಗೆಟಕುವಷ್ಟನ್ನು ನೀವು ಹಚ್ಚಿ, ಮೇಲಿನದಕ್ಕೆ ಅಟ್ಟಣಿಗೆ ಕಟ್ಟುವವರನ್ನು ಕರೆಯಿರಿ.

ಬಾಗಿಲುಗಳ ಮೇಲಿನ ಹಳೆಯ ಎಣ್ಣೆ ಬಣ್ಣದ ವಿಷಯದಲ್ಲಿ ಎಚ್ಚರವಿರಲಿ. ಮನೆಬಳಕೆಯ ಬಣ್ಣದಲ್ಲಿ ಮೈಗೆ ವಿಷವಾದ ಸೀಸವು ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಬಂದದ್ದು 2016ರಲ್ಲಿ, ಜಾರಿಯಾದದ್ದು 2017ರ ನವೆಂಬರಿನಿಂದ. ಅದಕ್ಕೂ ಹಿಂದಿನ ಬಣ್ಣದ ಪದರಗಳಲ್ಲಿ ಸೀಸ ಇದ್ದೇ ಇದೆಯೆಂದು ಭಾವಿಸಿ ನಡೆಯುವುದು ಒಳ್ಳೆಯದು. ಒಣ ಉಪ್ಪುಕಾಗದದಿಂದ ಉಜ್ಜಿದರೆ ಆ ಧೂಳು ಮನೆಯೆಲ್ಲ ಹರಡುತ್ತದೆ, ಬೆಂಕಿಯ ಜ್ವಾಲೆಯಿಂದ ಸುಟ್ಟು ತೆಗೆದರೆ ಹೊಗೆಯಾಗಿ ಮೂಗಿಗೆ ಹೋಗುತ್ತದೆ. ಆದ್ದರಿಂದ ನೀರು ಹಾಕಿ ಉಜ್ಜುವ ಕಾಗದವನ್ನೇ ಬಳಸಿ, ಉದುರಿದ್ದನ್ನು ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ; ಮನೆಯಲ್ಲಿ ಬಸುರಿ ಹೆಣ್ಣುಮಕ್ಕಳು, ಸಣ್ಣ ಮಕ್ಕಳು ಇದ್ದರೆ ಆ ಕೆಲಸ ಮುಗಿಯುವವರೆಗೆ ಅವರು ಬೇರೆ ಮನೆಯಲ್ಲಿರಲಿ. ಬಣ್ಣ ಹೋದ ಸಾಗುವಾನಿಗೆ ಅಗಸೆ ಎಣ್ಣೆಯನ್ನು ಬಟ್ಟೆಯಿಂದ ತಿಕ್ಕಿದರೆ ಸಾಕು, ಮರದ ಗೆರೆಗಳು ಜೇನಿನ ಬಣ್ಣದಲ್ಲಿ ಎದ್ದು ಬರುತ್ತವೆ. ಆ ಎಣ್ಣೆ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದು. ಹರಡಿ ಒಣಗಿಸಬೇಕು, ಇಲ್ಲವೇ ನೀರಿನಲ್ಲಿ ಅದ್ದಿಡಬೇಕು. ತಲಬಾಗಿಲಿನಲ್ಲಿ ಕೆತ್ತನೆ ಇದ್ದರೆ, ದೇವರ ಕೋಣೆಯಲ್ಲಿ ಬಣ್ಣದ ಹಳೆಯ ಮಂಟಪವಿದ್ದರೆ, ಉಪ್ಪುಕಾಗದವನ್ನು ಅದರ ಹತ್ತಿರ ಒಯ್ಯಬೇಡಿ. ಕೊಪ್ಪಳದ ಪಕ್ಕದಲ್ಲೇ ಕಿನ್ನಾಳವಿದೆ, ಮರಕ್ಕೆ ರೂಪ ಕೊಟ್ಟು ಬಣ್ಣ ತುಂಬುವ ಚಿತ್ರಗಾರರ ಊರು. ಅಲ್ಲಿಗೆ ಹೋಗಿ ಕೇಳಿ.

ಇನ್ನು ಮಾಳಿಗೆ. ಮೇಲೆ ಹುಟ್ಟಿದ ಗಿಡಗಳನ್ನು ಕೀಳುವುದು, ಮಳೆ ಬರುವ ಮುನ್ನ ನೀರು ಹೋಗುವ ದೋಣಿಗಳನ್ನು ತೆರವು ಮಾಡುವುದು ನಿಮ್ಮ ಕೆಲಸ. ಅದರಾಚೆಗಿನ ಯಾವ ಕೆಲಸವೂ ನಿಮ್ಮದಲ್ಲ. ನಮ್ಮ ಹಿರಿಯರು ಮಾಳಿಗೆಗೆ ಚೌಳು ಮಣ್ಣನ್ನೇ ಆರಿಸಿ ಹಾಕುತ್ತಿದ್ದರು, ಅದು ನೀರು ಬಿದ್ದೊಡನೆ ಒತ್ತಾಗಿ ಕುಳಿತು ಕೆಳಗಿಳಿಯಗೊಡುವುದಿಲ್ಲ. ಈಗ ಸೋರಿದ ಕೂಡಲೇ ಮಣ್ಣಿನ ಮೇಲೆಯೇ ಕಾಂಕ್ರೀಟು ಹಾಕಿಸುವ ರೂಢಿ ಬಂದಿದೆ. ಹತ್ತು ಅಡಿಗೆ ಹನ್ನೆರಡು ಅಡಿಯ ಕೋಣೆಯ ಮೇಲೆ ಮೂರು ಇಂಚು ಕಾಂಕ್ರೀಟು ಹಾಕಿದರೆ ಮೂವತ್ತು ಘನ ಅಡಿಯಾಗುತ್ತದೆ, ಅದರ ತೂಕ ಸುಮಾರು ಎರಡು ಟನ್. ಗೆದ್ದಲು ತಿಂದಿರಬಹುದಾದ ಜಂತಿಗಳ ಮೇಲೆ, ಮಕ್ಕಳು ಮಲಗುವ ಕೋಣೆಯ ಮೇಲೆ, ಎರಡು ಟನ್ ಹೊರಿಸುವ ಮುನ್ನ ಒಬ್ಬ ಇಂಜಿನಿಯರು ಪ್ರತಿಯೊಂದು ತೊಲೆಯನ್ನೂ ನೋಡಿ ಹೇಳಲೇಬೇಕು. ಹಾಲ್ ದೊಡ್ಡದಾಗಲೆಂದು ನಡುಗೋಡೆ ತೆಗೆಸುವವರಿಗೂ ಇದೇ ಮಾತು. ಈ ಮನೆಗಳಲ್ಲಿ ಮಾಳಿಗೆಯ ಭಾರ ಗೋಡೆಗಳ ಮೇಲೆಯೇ ಕುಳಿತಿರುತ್ತದೆ.

ನಲ್ಲಿಯ ವಾಶರ್ ಬದಲಿಸುವುದು, ಚಿಲಕಕ್ಕೆ ಎಣ್ಣೆ ಬಿಡುವುದು, ನೆಲದ ಕಡಪ ಕಲ್ಲಿನ ಸಂದು ತುಂಬುವುದು ಮನೆಯವರೇ ಮಾಡುವಂಥವು. ವಿದ್ಯುತ್ತಿಗೆ ಮಾತ್ರ ಕೈ ಹಾಕಬೇಡಿ. ಮರದ ಪಟ್ಟಿಯ ಮೇಲೆ ಎಳೆದ ಹಳೆಯ ವೈರಿನ ಹೊದಿಕೆ ಒಣಗಿ ಬಿರಿದಿರುತ್ತದೆ, ಎಷ್ಟೋ ಮನೆಗಳಲ್ಲಿ ಅರ್ಥಿಂಗೇ ಇರುವುದಿಲ್ಲ. ಲೈಸೆನ್ಸ್ ಇರುವ ಗುತ್ತಿಗೆದಾರರಿಂದಲೇ ಹೊಸ ವೈರಿಂಗ್ ಮಾಡಿಸಿ, 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದೊಡನೆ ತಾನಾಗಿ ಕಡಿತ ಮಾಡುವ ಸ್ವಿಚ್ಚು) ಹಾಕಿಸಿ. ಏಸಿ, ಗೀಸರು ಸೇರಿಸುವುದಿದ್ದರೆ ಲೋಡ್ ಹೆಚ್ಚಿಸಲು ನಮ್ಮ ಭಾಗದ ವಿದ್ಯುತ್ ಕಂಪನಿ ಜೆಸ್ಕಾಂಗೆ ಅರ್ಜಿ ಕೊಡಿ. ಇವೆಲ್ಲ ಗಿಲಾವಿಗೆ ಮೊದಲು ಮುಗಿಯಬೇಕು.

ಕೆಲಸದವರನ್ನು ಗೊತ್ತು ಮಾಡುವಾಗ ಅವರು ಹೋದ ತಿಂಗಳು ಮುಗಿಸಿದ ಮನೆಯನ್ನು ನೋಡಿ ಒಪ್ಪಬೇಡಿ, ಎರಡು ಮಳೆಗಾಲ ಕಂಡ ಮನೆಯನ್ನು ತೋರಿಸಲು ಹೇಳಿ. ಬಣ್ಣವನ್ನು ಚದರಡಿ ಲೆಕ್ಕಕ್ಕೆ ಕೊಡಬಹುದು, ಆದರೆ ಅಳತೆಯನ್ನು ನೀವೇ ಹಾಕಿಕೊಂಡಿರಿ: ಹತ್ತಕ್ಕೆ ಹನ್ನೆರಡರ ಕೋಣೆ, ಹನ್ನೆರಡು ಅಡಿ ಎತ್ತರವಿದ್ದರೆ ಗೋಡೆ 528 ಚದರಡಿ, ಅದರಲ್ಲಿ ಮೂರಕ್ಕೆ ಏಳರ ಒಂದು ಬಾಗಿಲು, ನಾಲ್ಕಕ್ಕೆ ನಾಲ್ಕರ ಎರಡು ಕಿಟಕಿ ಕಳೆದರೆ 475. ಕಿಟಕಿ ಬಾಗಿಲು ಕಳೆಯುವುದೋ ಇಲ್ಲವೋ ಎಂಬುದು ಮೊದಲೇ ಮಾತಾಗಬೇಕು. ಹಳೆಯ ಗೋಡೆಯ ಗಾರೆ ಕೆಲಸವನ್ನು ಮಾತ್ರ ನಾನು ಗುತ್ತಿಗೆ ಕೊಡುವುದಿಲ್ಲ, ದಿನಗೂಲಿಗೇ ಮಾಡಿಸುತ್ತೇನೆ. ಅದು ಅವಸರ ತಡೆಯದ ಕೆಲಸ, ಕೆರೆದಾಗ ಒಳಗೆ ಏನು ಕಾಣುತ್ತದೆಂದು ಯಾರೂ ಮುಂಚೆ ಹೇಳಲಾರರು. ಸಾಮಾನು ಯಾರದು, ಎಷ್ಟು ಕೋಟು, ಕಿತ್ತ ಮಣ್ಣನ್ನು ಸಾಗಿಸುವವರು ಯಾರು, ಹಣ ಯಾವ ಹಂತಕ್ಕೆ ಎಷ್ಟು ಎಂದು ಒಂದು ಚೀಟಿಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಇದು ಅಪನಂಬಿಕೆಯಲ್ಲ, ದುಡಿಯುವವರಿಗೂ ಅದರಿಂದ ನೆಮ್ಮದಿ. ಅವರ ಕೂಲಿಯನ್ನು ಸಂಜೆಗೆ ಸಂಜೆ, ವಾರಕ್ಕೆ ವಾರ ತಪ್ಪದೆ ಕೊಡಿ.

ಸಮಯದ ವಿಷಯದಲ್ಲಿ ದೀಪಾವಳಿ ಕಳೆದ ಮೇಲಿಂದ ಶಿವರಾತ್ರಿಯವರೆಗಿನ ದಿನಗಳು ನಮ್ಮ ಭಾಗಕ್ಕೆ ಅನುಕೂಲ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು ನಲವತ್ತು ಡಿಗ್ರಿ ದಾಟುವಾಗ ಹಚ್ಚಿದ ಗಿಲಾವು ಬಲಿಯುವ ಮೊದಲೇ ಒಣಗಿ ಕೂದಲೆಳೆಯಂತೆ ಬಿರಿಯುತ್ತದೆ. ಮಾಡಲೇಬೇಕಾದರೆ ಒದ್ದೆ ಗೋಣಿತಾಟು ಇಳಿಬಿಟ್ಟು ದಿನಕ್ಕೆ ಮೂರು ನಾಲ್ಕು ಸಲ ನೀರು ಹೊಡೆಯಬೇಕು. ಆ ನೀರು ಹೊಡೆಯುವ ಕೆಲಸವನ್ನು ಕೂಲಿಯವರಿಗೆ ಬಿಡದೆ ನೀವೇ ಇಟ್ಟುಕೊಳ್ಳಿ. ಹಬ್ಬಕ್ಕೆ ಹದಿನೈದು ದಿನ ಇರುವಾಗ ಯಾರನ್ನೂ ಕರೆಯಬೇಡಿ, ಒಳ್ಳೆಯ ಕೆಲಸಗಾರರು ಆಗ ನಾಲ್ಕು ಮನೆ ಒಪ್ಪಿಕೊಂಡಿರುತ್ತಾರೆ.

ಹೊಸ ವೈರು, ಪೈಪುಗಳನ್ನು ಗಿಲಾವಿನಿಂದ ಮುಚ್ಚುವ ಹಿಂದಿನ ದಿನ ಒಂದು ಗಂಟೆ ಬಿಡುವು ಮಾಡಿಕೊಂಡು ಪ್ರತಿ ಗೋಡೆಯ ಪಟವನ್ನು ಮೊಬೈಲಿನಲ್ಲಿ ತೆಗೆಯಿರಿ. ನೆಲದಿಂದ ಎಷ್ಟು ಅಡಿ, ಬಾಗಿಲಿನ ಚೌಕಟ್ಟಿನಿಂದ ಎಷ್ಟು ಇಂಚು ಎಂದು ಅಳತೆಯ ಟೇಪು ಆ ಪಟದಲ್ಲಿ ಕಾಣುವಂತೆ ಒಬ್ಬರು ಹಿಡಿದು ನಿಲ್ಲಲಿ. ಆ ಅಳತೆಗಳನ್ನು ಒಂದು ನೋಟುಪುಸ್ತಕಕ್ಕೂ ಇಳಿಸಿ ಮನೆಯ ಪತ್ರಗಳ ಜೊತೆಯಲ್ಲಿ ಇಡಿ; ಮುಂದೆ ಆ ಗೋಡೆಗೆ ಮೊಳೆ ಹೊಡೆಯುವವರು ನಿಮ್ಮ ಮಕ್ಕಳಾಗಿರುತ್ತಾರೆ.