ಒಂಬತ್ತು ತುಂಡಿನ ಕೌದಿ ಚೌಕ

ಕೌದಿ ಹೊಲಿಯಲು ಮಳೆಗಾಲದ ಬಿಡುವು ಒಳ್ಳೆಯದೇ, ಆದರೆ ಬಟ್ಟೆ ತೊಳೆದು ಒಣಗಿಸುವ ಕೆಲಸ ಮೇ ತಿಂಗಳೊಳಗೆ ಮುಗಿದಿರಲಿ. ಆರಿದ್ರೆ ಮಳೆ ಹಿಡಿದರೆ ತೀರ್ಥಹಳ್ಳಿ, ಹೊಸನಗರದ ಕಡೆ ತೊಳೆದ ಬಟ್ಟೆ ಮೂರು ದಿನವಾದರೂ ಹಸಿಹಸಿ. ಅರೆ ಒಣಗಿದ್ದನ್ನು ಮಡಿಸಿಟ್ಟರೆ ಬೂಷ್ಟು ಹಿಡಿದು ಕಪ್ಪು ಚುಕ್ಕೆ ಬೀಳುತ್ತದೆ. ಅದನ್ನು ತೆಗೆಯಲು ಎಷ್ಟು ತಿಕ್ಕಿದರೂ ಬಟ್ಟೆ ಸವೆಯುತ್ತದೆಯೇ ಹೊರತು ಚುಕ್ಕೆ ಹೋಗುವುದಿಲ್ಲ.

ಹಳೆ ಸೀರೆ, ಪಂಚೆ, ಲುಂಗಿ ಯಾವುದಾದರೂ ಆದೀತು, ಹತ್ತಿಯದ್ದಾಗಿರಬೇಕು ಅಷ್ಟೆ. ಅನುಮಾನ ಬಂದರೆ ಎರಡೆಳೆ ಕಿತ್ತು ಬೆಂಕಿಗೆ ಹಿಡಿಯಿರಿ. ಹತ್ತಿ ಕಾಗದದಂತೆ ಉರಿದು ಮೆತ್ತನೆ ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಇವೆರಡನ್ನೂ ಒಂದೇ ಚೌಕಕ್ಕೆ ಸೇರಿಸಿದರೆ ಮೊದಲ ಒಗೆತಕ್ಕೆ ಹತ್ತಿ ಕುಗ್ಗುತ್ತದೆ, ಪಾಲಿಯೆಸ್ಟರ್ ಕುಗ್ಗುವುದಿಲ್ಲ, ಚೌಕ ಸುರುಟಿ ಕೂರುತ್ತದೆ. ಕೆಂಪು, ಕಡುನೀಲಿ ಬಟ್ಟೆಯ ಒದ್ದೆ ಮೂಲೆಯನ್ನು ಬಿಳಿ ಬಟ್ಟೆಯಿಂದ ಒತ್ತಿ ನೋಡಿ. ಬಣ್ಣ ಹತ್ತಿದರೆ ಇನ್ನೂ ಎರಡು ಸಲ ಬೇರೆಯಾಗಿ ನೆನೆಸಿ. ಆಮೇಲೆ ಬೆಳಕಿಗೆ ಹಿಡಿದು ನೋಡಿ, ತೆಳ್ಳಗಾದ ಜಾಗ ಕಂಡರೆ ಬಿಡಿ. ಸೀರೆ ಮೊದಲು ಸವೆಯುವುದು ಸೊಂಟಕ್ಕೆ ಸಿಕ್ಕಿಸುವಲ್ಲಿ ಮತ್ತು ಹಿಮ್ಮಡಿಗೆ ತಾಗುವ ಅಂಚಿನಲ್ಲಿ.

ಅಳತೆ ಹೀಗೆ. ಒಂದೊಂದು ತುಂಡು ಮೂರೂವರೆ ಇಂಚಿನ ಚೌಕ. ಗಾಢ ಬಣ್ಣದ್ದು ಐದು, ತಿಳಿ ಬಣ್ಣದ್ದು ನಾಲ್ಕು. ಒಂದೊಂದು ಅಂಚಿನಲ್ಲಿ ಕಾಲು ಇಂಚು ಹೊಲಿಗೆಗೆ ಹೋದರೆ ಒಂಬತ್ತೂ ತುಂಡು ಸೇರಿದ ಚೌಕ ಒಂಬತ್ತೂವರೆ ಇಂಚಿಗೆ ನಿಲ್ಲುತ್ತದೆ, ಕೌದಿಗೆ ಜೋಡಿಸಿದ ಮೇಲೆ ಒಂಬತ್ತು. ಒಬ್ಬರು ಹೊದೆಯುವ 54 ಇಂಚು ಅಗಲ, 81 ಇಂಚು ಉದ್ದದ ಕೌದಿಗೆ 54 ಚೌಕ ಬೇಕು, ಅಂದರೆ 270 ಗಾಢ, 216 ತಿಳಿ ತುಂಡು. ಕೇಳಿ ಗಾಬರಿಯಾಗಬೇಡಿ. 45 ಇಂಚು ಅಗಲದ ಸೀರೆಯಲ್ಲಿ ಒಂದು ಪಟ್ಟಿಗೆ ಹನ್ನೆರಡು ತುಂಡು ಸಿಗುತ್ತವೆ, ಗಾಢ ಬಣ್ಣದ ಸೀರೆಯೊಂದು ಅರ್ಧದಷ್ಟು ಗಟ್ಟಿಯಿದ್ದರೂ ಸಾಕು.

ತುಂಡಿನ ಅಳತೆ ಗುರುತು ಹಾಕುವ ಅಚ್ಚಿಗೆ ರಟ್ಟು ಬೇಡ, ಇಪ್ಪತ್ತು ಸಲ ಗೆರೆ ಎಳೆಯುವಷ್ಟರಲ್ಲಿ ಮೂಲೆ ಸವೆದು ಅಳತೆ ಜಾರುತ್ತದೆ. ಹಳೆಯ ಎಕ್ಸ್‌ರೇ ಹಾಳೆ ಕತ್ತರಿಸಿಕೊಳ್ಳಿ. ಗೆರೆಗೆ ಪೆನ್ಸಿಲ್ ಅಥವಾ ಸವೆದ ಸೋಪಿನ ಚೂರು ಬಳಸಿ. ಬಾಲ್‌ಪೆನ್ ಶಾಯಿ ಮುಂದೊಂದು ದಿನ ಮೇಲೆ ಹರಡುತ್ತದೆ. ಅಚ್ಚಿನ ಅಂಚು ಬಟ್ಟೆಯ ಎಳೆಗೆ ಸಮವಾಗಿ ಕೂರಬೇಕು. ಓರೆಯಾಗಿ ಕತ್ತರಿಸಿದ ತುಂಡು ಕೈಯಲ್ಲೇ ಜಗ್ಗುತ್ತದೆ. ಒಟ್ಟಿಗೆ ನಾಲ್ಕು ಪದರಕ್ಕಿಂತ ಹೆಚ್ಚು ಕತ್ತರಿಸಿದರೆ ಕೆಳಗಿನದು ಸರಿದು ಸಣ್ಣದಾಗುತ್ತದೆ.

ಎಲ್ಲರೂ ಎಡವುವುದು ಆ ಕಾಲು ಇಂಚಿನಲ್ಲೇ. ಒಂದೊಂದು ಹೊಲಿಗೆ ಅರ್ಧ ನೂಲು, ಅಂದರೆ ಇಂಚಿನ ಹದಿನಾರನೇ ಒಂದು ಪಾಲು, ಒಳಗೆ ಸರಿದರೂ, ಎರಡೂ ಬದಿಯ ಬಟ್ಟೆ ಸೇರಿ ಎರಡು ಹೊಲಿಗೆಗೆ ಚೌಕ ಕಾಲು ಇಂಚು ಕಡಿಮೆಯಾಗುತ್ತದೆ. ಆರು ಚೌಕ ಸೇರಿದಾಗ ಒಂದೂವರೆ ಇಂಚು ಹೋಯಿತು. ಬಟ್ಟೆಯನ್ನು ಒತ್ತಿ ಹಿಡಿಯುವ ಪ್ರೆಷರ್ ಫುಟ್ಟಿನ ಅಂಚನ್ನು ನಂಬಬೇಡಿ, ಮಿಷನ್ನಿಂದ ಮಿಷನ್ನಿಗೆ ಅದು ಬೇರೆ. ಸೂಜಿ ಇಳಿಯುವಲ್ಲಿಂದ ಬಲಕ್ಕೆ ಕಾಲು ಇಂಚು ಅಳೆದು, ಬಟ್ಟೆಯನ್ನು ಮುಂದಕ್ಕೆ ತಳ್ಳುವ ಹಲ್ಲು ಮುಚ್ಚದ ಹಾಗೆ ಟೇಪ್ ಅಂಟಿಸಿ, ಬಟ್ಟೆಯ ಅಂಚನ್ನು ಅದಕ್ಕೇ ತಾಗಿಸಿ ಹೊಲಿಯಿರಿ. ಮೊದಲು ಮೂರು ತುಂಡು ಜೋಡಿಸಿ ಅಳೆಯಿರಿ, ನಡುವಿನದು ಸರಿಯಾಗಿ ಮೂರು ಇಂಚು ಬರಬೇಕು. ಸೂಜಿ 14ನೇ ನಂಬರಿನದು, ಇಂಚಿಗೆ ಹತ್ತು ಹನ್ನೆರಡು ಹೊಲಿಗೆ. ಕೈಯಲ್ಲಿ ಹೊಲಿಯುವವರು ಪೆನ್ಸಿಲಿನಲ್ಲಿ ಕಾಲು ಇಂಚಿನ ಗೆರೆ ಹಾಕಿಕೊಂಡು, ನಾಲ್ಕೈದು ಹೊಲಿಗೆಗೊಮ್ಮೆ ಹಿಂದಕ್ಕೊಂದು ಹೊಲಿಗೆ ಕೊಡಲಿ.

ಮೂರು ಸಾಲು ಮಾಡಿಕೊಳ್ಳಿ: ಗಾಢ-ತಿಳಿ-ಗಾಢ, ತಿಳಿ-ಗಾಢ-ತಿಳಿ, ಮತ್ತೆ ಗಾಢ-ತಿಳಿ-ಗಾಢ. ಹಿಂಬದಿಯ ಹೊಲಿಗೆ ಅಂಚುಗಳನ್ನೆಲ್ಲ ಗಾಢ ತುಂಡಿನ ಕಡೆಗೆ ಮಡಿಸಿ ಇಸ್ತ್ರಿ ಒತ್ತಿ. ಆಗ ಮೇಲಿನ ಸಾಲಿನ ಅಂಚು ಹೊರಕ್ಕೆ, ನಡುವಿನದು ಒಳಕ್ಕೆ ತಿರುಗಿ, ಸಾಲು ಜೋಡಿಸುವಾಗ ಒಂದಕ್ಕೊಂದು ಕಚ್ಚಿಕೊಂಡು ಕೂರುತ್ತವೆ. ಬೆರಳಲ್ಲಿ ಸವರಿದರೆ ಆ ಸಂದಿನಲ್ಲಿ ಉಬ್ಬು ಸಿಗಬಾರದು, ತಗ್ಗೂ ಸಿಗಬಾರದು. ಅಲ್ಲೇ ಗುಂಡುಸೂಜಿ ಚುಚ್ಚಿ, ಮಿಷನ್ ಸೂಜಿ ಹತ್ತಿರ ಬಂದಾಗ ತೆಗೆಯಿರಿ. ಇಸ್ತ್ರಿ ಪೆಟ್ಟಿಗೆಯನ್ನು ಎತ್ತಿ ಎತ್ತಿ ಇಡಬೇಕು, ಎಳೆದಾಡಿಸಿದರೆ ಚೌಕ ವಾರೆಯಾಗುತ್ತದೆ. ಮಳೆಗೆ ಕರೆಂಟ್ ಹೋದರೆ ಕಾಯುತ್ತ ಕೂರಬೇಕಿಲ್ಲ, ಹೆಬ್ಬೆರಳ ಉಗುರಿನಲ್ಲಿ ಗಟ್ಟಿಯಾಗಿ ಗೀರಿದರೆ ಹತ್ತಿ ಬಟ್ಟೆ ಮಡಿಕೆ ಹಿಡಿಯುತ್ತದೆ. ಇಸ್ತ್ರಿ ಆಮೇಲೆ ಮಾಡಿ.

ಮುಗಿದ ಚೌಕಗಳನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಬೇಡಿ, ತೇವ ಒಳಗೇ ನಿಂತು ಮುಗ್ಗಲು ವಾಸನೆ ಬರುತ್ತದೆ. ಹಳೆ ಪಂಚೆಯಲ್ಲಿ ಸುತ್ತಿ, ಒಲೆಯ ಬಿಸಿ ತಾಗುವ ಕೋಣೆಯಲ್ಲಿಡಿ. ಸುತ್ತುವ ಮೊದಲು ಗುಂಡುಸೂಜಿಗಳನ್ನು ಎಣಿಸಿ ತೆಗೆಯಿರಿ. ನಮ್ಮ ಥಂಡಿಗೆ ಒಂದು ವಾರ ಸಾಕು, ಬಿಟ್ಟ ಸೂಜಿ ತುಕ್ಕು ಹಿಡಿದು ತಿಳಿ ಬಣ್ಣದ ತುಂಡಿನ ಮೇಲೇ ಕಲೆ ಬಿಡುತ್ತದೆ.