ಪಾರ್ಕಿನ್ಸನ್ಸ್ ಮಾತ್ರೆ ನಾಟುತ್ತಿಲ್ಲವೇ? ಮೊದಲು ಹೊಟ್ಟೆ ಸರಿಮಾಡಿ

ಪಾರ್ಕಿನ್ಸನ್ಸ್ ಎಂದರೆ ಕೈನಡುಕ ಎಂದೇ ಹೆಚ್ಚಿನವರ ಎಣಿಕೆ. ಆದರೆ ಅನೇಕರಿಗೆ ನಡುಕಕ್ಕೂ ವರ್ಷಗಳ ಮೊದಲೇ ಮಲಬದ್ಧತೆ ಶುರುವಾಗಿರುತ್ತದೆ. 1817ರಲ್ಲಿ ಈ ರೋಗವನ್ನು ವಿವರಿಸಿದ ಜೇಮ್ಸ್ ಪಾರ್ಕಿನ್ಸನ್ ಕರುಳು ಮಂದವಾಗುವುದನ್ನೂ ಬರೆದಿದ್ದರು.

ಕರುಳಿನ ಗೋಡೆಯೊಳಗೆ ಎರಡು ನರಜಾಲಗಳಿವೆ. ಸ್ನಾಯುಪದರಗಳ ನಡುವಿನದು ಆಹಾರವನ್ನು ಮುಂದೆ ತಳ್ಳುತ್ತದೆ, ಒಳಪೊರೆಯ ಅಡಿಯದು ಸ್ರಾವ ನೋಡಿಕೊಳ್ಳುತ್ತದೆ. ಆಲ್ಫಾ-ಸೈನ್ಯೂಕ್ಲಿನ್ ಎಂಬ ಪ್ರೋಟೀನು ವಿಕಾರವಾಗಿ ಮಡಚಿಕೊಂಡು ಈ ನರಕೋಶಗಳಲ್ಲಿ ಗಂಟುಗಟ್ಟುತ್ತದೆ. ಇದು ಕರುಳಿನಿಂದಲೇ ವೇಗಸ್ ನರದ ಮೂಲಕ ಮಿದುಳಿಗೆ ಏರುತ್ತದೆ ಎಂದು 2003ರಲ್ಲಿ ಜರ್ಮನಿಯ ಅಂಗರಚನಾ ತಜ್ಞ ಹೈಕೊ ಬ್ರಾಕ್ ವಾದಿಸಿದರು. ಎಲ್ಲ ರೋಗಿಗಳಿಗೂ ಆ ವಾದ ಹೊಂದುವುದಿಲ್ಲ.

ಮನೆಯವರಿಗೆ ಮುಖ್ಯವಾದದ್ದು ಬೇರೆ. ಈ ರೋಗಕ್ಕೆ ಕೊಡುವ ಮುಖ್ಯ ಔಷಧಿ ಲೆವೊಡೋಪಾ ರಕ್ತ ಸೇರುವುದು ಸಣ್ಣ ಕರುಳಿನ ಮೇಲ್ಭಾಗದಲ್ಲಿ. ಜಠರ ನಿಧಾನವಾದರೆ ಮಾತ್ರೆ ಅಲ್ಲೇ ಕೂರುತ್ತದೆ, ಕಾಲು ಏಳುವುದಿಲ್ಲ. ಡೋಸ್ ಹೆಚ್ಚಿಸಿ ಎನ್ನುವ ಮುನ್ನ ಇಷ್ಟು ಮಾಡಿ.

ಮೊದಲು ಹೊತ್ತು. ಮಾತ್ರೆಯನ್ನು ಊಟಕ್ಕೆ ಅರ್ಧ ಗಂಟೆ ಮುಂಚೆ, ಇಲ್ಲವೇ ಊಟವಾಗಿ ಒಂದು ಗಂಟೆಯ ಮೇಲೆ ತುಂಬು ಲೋಟ ನೀರಿನಲ್ಲಿ ನುಂಗಿಸಿ. ಹಾಲು, ಬೇಳೆ, ಮೊಟ್ಟೆಯ ಅಮೈನೋ ಆಮ್ಲಗಳು ಔಷಧಿಯ ದಾರಿಯನ್ನೇ ಹಿಡಿಯುವುದರಿಂದ ಹಾಲಿನ ಜೊತೆ ಬೇಡ. ವಾಕರಿಕೆ ಬಂದರೆ ಒಂದೆರಡು ಸಪ್ಪೆ ಬಿಸ್ಕತ್ತು ಸಾಕು. ಕಬ್ಬಿಣದ ಮಾತ್ರೆಗೆ ಎರಡು ಗಂಟೆ ಅಂತರವಿರಲಿ.

ಆಮೇಲೆ ನೀರು, ನಾರು. ಹೃದಯ, ಮೂತ್ರಪಿಂಡದ ತೊಂದರೆ ಇಲ್ಲದವರಿಗೆ ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್ ನೀರು. ರಾಗಿ, ಸೊಪ್ಪು, ಪರಂಗಿಹಣ್ಣಿನಿಂದ ನಿಧಾನವಾಗಿ 25 ಗ್ರಾಂ ನಾರು. ನಾರು ಏರಿಸಿ ನೀರು ಮರೆಯುವುದೇ ಸಾಮಾನ್ಯ ತಪ್ಪು. ಕಡಿಮೆ ನೀರಿನಲ್ಲಿ ಇಸಬಗೋಲ್ ಕೊಟ್ಟರೆ ಅದು ಗಟ್ಟಿಯಾಗಿ ದಾರಿ ಕಟ್ಟಬಹುದು. ನುಂಗಲು ಕಷ್ಟಪಡುವವರಿಗಂತೂ ಬೇಡ. ಮಲ ಮೆತ್ತಗಾಗಲು ವೈದ್ಯರು ಸಾಮಾನ್ಯವಾಗಿ ಬರೆಯುವ ಪಾಲಿಎಥಿಲೀನ್ ಗ್ಲೈಕಾಲ್ ಪುಡಿ 17 ಗ್ರಾಂ, ಒಂದು ಲೋಟ ನೀರಿಗೆ.

ತಿಂಡಿಯಾದ ಅರ್ಧ ಗಂಟೆಯೊಳಗೆ ದೊಡ್ಡ ಕರುಳು ತಾನಾಗಿ ಚುರುಕಾಗುತ್ತದೆ. ಆಗ ಕಮೋಡ್ ಮೇಲೆ ಕೂರಿಸಿ, ಪಾದದಡಿ ಗಿಡ್ಡ ಮಣೆಯಿಡಿ. ಮಂಡಿ ಸೊಂಟಕ್ಕಿಂತ ಮೇಲಿರಬೇಕು. ಹತ್ತು ನಿಮಿಷ ಸಾಕು, ತಿಣುಕುವುದು ಬೇಡ.

ಔಷಧಿ ಚೀಟಿಯನ್ನೂ ನೋಡಿ. ವಾಂತಿಗೆ ಕೊಡುವ ಮೆಟೊಕ್ಲೋಪ್ರಮೈಡ್ ಮಿದುಳಿನಲ್ಲಿ, ಈ ರೋಗದಲ್ಲಿ ಮೊದಲೇ ಕಡಿಮೆಯಾಗಿರುವ ರಾಸಾಯನಿಕ ಡೋಪಮೈನ್‌ಗೆ ಅಡ್ಡ ನಿಂತು ನಡುಕ ಹೆಚ್ಚಿಸುತ್ತದೆ. ನಡುಕಕ್ಕೆ ಕೊಡುವ ಟ್ರೈಹೆಕ್ಸಿಫೆನಿಡಿಲ್ ಮಲಬದ್ಧತೆ ಹೆಚ್ಚಿಸುತ್ತದೆ, ಆದರೆ ಥಟ್ಟನೆ ನೀವೇ ನಿಲ್ಲಿಸಬೇಡಿ. ನಸುಗುನ್ನಿ ಬೀಜದಲ್ಲಿ ಲೆವೊಡೋಪಾವೇ ಇದೆ; ಹೇಳದೆ ಕೇಳದೆ ಕೊಟ್ಟರೆ ಡೋಸ್ ಮೀರುತ್ತದೆ.

ಹೊಟ್ಟೆ ಉಬ್ಬಿ ವಾಂತಿಯಾಗುತ್ತಿದ್ದರೆ, ಗಾಳಿಯೂ ಹೋಗದಿದ್ದರೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.